ಅವ್ವನಿಗೆ ನಾನು ಹೇಳಿದ ಸೀರಿಯಲ್

ಸಂಜೆ ಏಳೂವರೆಗೆ ಅವ್ವ ಟಿವಿಯ ಎದುರು ಚಾಪೆ ಹಾಸಿಕೊಂಡು ಕೂಡುತ್ತಿದ್ದಳು. ನಾನು ಟಿವಿಯ ಪಕ್ಕದಲ್ಲಿ ಕುರ್ಚಿ ಓರೆ ಹಾಕಿ ಕೂಡುತ್ತಿದ್ದೆ. ನನಗೆ ಪರದೆ ಕಾಣಬೇಕು, ಅವಳಿಗೆ ನನ್ನ ಬಾಯಿ ಮತ್ತು ಕೈ ಕಾಣಬೇಕು. ಹೀಗಾಗಿ ಆ ಎಂಟು ವರ್ಷಗಳ ಧಾರಾವಾಹಿಗಳನ್ನೆಲ್ಲ ನಾನು ಓರೆಯಿಂದಲೇ ನೋಡಿದ್ದೇನೆ. ನಾಯಕಿಯರ ಮುಖ ಕೂಡ ನನ್ನ ನೆನಪಿನಲ್ಲಿ ಒಂದು ಬದಿಗೆ ಎಳೆದಂತೆ ಇದೆ.

ಅವ್ವನ ಕಿವಿ ನಿಧಾನವಾಗಿ ಹೋಯಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲು ಬಡಿದದ್ದು, ಕೊನೆಗೆ ನಮ್ಮ ಮಾತು. ಲಾತೂರಿನಿಂದ ಒಂದು ಕಿವಿಯ ಯಂತ್ರ ತಂದಿದ್ದೆವು. ಒಂದು ದಿನ ಹಾಕಿಕೊಂಡು ತೆಗೆದಿಟ್ಟಳು. "ತಲಿಯೊಳಗ ಹಿಟ್ಟಿನ ಗಿರಣಿ ಚಾಲೂ ಆದಂಗ ಆಗ್ತದ. ನಿಮ್ಮ ಮಾತು ಬೀಸ್ಕೊಂಡು ತಿನ್ಲೇನು?" ಎಂದಳು. ಆಮೇಲೆ ಅದು ಡಬ್ಬಿಯಲ್ಲೇ ಉಳಿಯಿತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಒಂದೆರಡು ಮಾತು ದಾಟುತ್ತಿದ್ದವು. ಉಳಿದದ್ದಕ್ಕೆ ತುಟಿ, ಕೈ.

ಕೈಸನ್ನೆಗಳನ್ನು ಕಟ್ಟಿದವಳು ನಾನಲ್ಲ, ಅಕ್ಕ. ಶಿರೂರ ಅನಂತಪಾಳದ ಗಂಡನ ಮನೆಯಿಂದ ತವರಿಗೆ ಬಂದಾಗಲೆಲ್ಲ ಅವ್ವನ ಎದುರು ಕುಳಿತು ಒಂದೊಂದೇ ಮಾಡಿದಳು. ಮೂಗಿನ ಬದಿಗೆ ಬೆರಳು ಇಟ್ಟರೆ ಸೊಸೆ. ಮೀಸೆ ತಿರುವಿದರೆ ಮಾವ. ಎದೆಯ ಮೇಲೆ ಅಂಗೈ ಇಟ್ಟು ಒತ್ತಿದರೆ ಖರೇ. ಗದ್ದದ ಕೆಳಗಿನಿಂದ ಎರಡು ಬೆರಳು ಹಾವಿನ ನಾಲಿಗೆಯಂತೆ ಹೊರಗೆ ಚಾಚಿದರೆ ಸುಳ್ಳು. ಅವ್ವನಿಗೆ ಈ ಕೊನೆಯದು ಬಹಳ ಇಷ್ಟವಾಗಿ, ಬಾಜೂಮನೆಯ ವೈನಿ ತನ್ನ ವಯಸ್ಸು ಹೇಳಿದಾಗಲೆಲ್ಲ ಬೆನ್ನ ಹಿಂದೆ ಎರಡು ಬೆರಳು ಚಾಚುತ್ತಿದ್ದಳು.

ನಾನು ನಿಲಂಗಾದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಎಂ.ಎ. ಓದಿದ್ದು ಕಲಬುರಗಿಯಲ್ಲಿ, ಕಲಿಸುವುದು ಮರಾಠಿಯಲ್ಲಿ, ದಿನಚರಿ ಬರೆಯುವುದು ಕನ್ನಡದಲ್ಲಿ. ಬೆಳಿಗ್ಗೆ ಉಮರಗಾದಿಂದ ಬಸ್ಸು, ಸಂಜೆ ವಾಪಸು. ನಮ್ಮ ಮನೆ ತುರೋರಿಯ ಕಡೆಗೆ ಹೋಗುವ ಹೆದ್ದಾರಿಯ ಬದಿಗೆ ಇದೆ. ಲಾರಿಗಳು ಗೇರು ಬದಲಿಸುವ ಸದ್ದು ಗೋಡೆಗೆ ತಾಗಿಯೇ ಇರುತ್ತದೆ. ಅಪ್ಪ ತೀರಿಕೊಂಡ ಮೇಲೆ ಆ ಸದ್ದನ್ನು ಮನೆಯಲ್ಲಿ ಕೇಳುವವಳು ನಾನೊಬ್ಬಳೇ ಆದೆ. ಇಬ್ಬರು ಇರುವ ಮನೆಯಲ್ಲಿ ಒಬ್ಬಳೇ ಕೇಳುವುದು ಎಂಥದು ಎಂದು ಯಾರಿಗಾದರೂ ಹೇಳಬೇಕು ಎನಿಸುತ್ತಿತ್ತು. ಹೇಳುವುದಾದರೂ ಯಾರ ಎಡಗಿವಿಗೆ ಕೂಗಬೇಕು?

ಆದ್ದರಿಂದ ಏಳೂವರೆ ನನಗೂ ಬೇಕಾಗಿತ್ತು. ಆಗ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಧಾರಾವಾಹಿ ಮರಾಠಿಯದು. ಒಂದು ದೊಡ್ಡ ಮನೆ, ಇಬ್ಬರು ಸೊಸೆಯರು. ದೊಡ್ಡ ಸೊಸೆ ಕೆಟ್ಟವಳು. ಅವಳು ಮಾಡಿದ್ದು ಏನು ಎಂದು ಈಗ ಕೇಳಿದರೆ ನಾನು ತಟ್ಟನೆ, "ಮಗುವನ್ನು ಬಿಟ್ಟು ಹೋಗಿದ್ದಳು" ಎನ್ನುತ್ತೇನೆ. ಆದರೆ ಆ ದಿನಗಳ ದಿನಚರಿ ತೆಗೆದು ನೋಡಿದರೆ ಅಲ್ಲಿ ಬೇರೆ ಇದೆ: ಅವಳು ಒಂದು ಸುಳ್ಳು ಹೇಳಿ ಸಣ್ಣ ಸೊಸೆಯ ಸಂಸಾರ ಒಡೆದಿದ್ದಳಂತೆ. ಮಗುವಿನ ಮಾತೇ ಇಲ್ಲ. ಮಗುವನ್ನು ಬಿಟ್ಟು ಹೋದವಳು ಅಕ್ಕ.

ಹದಿನೈದು ವರ್ಷಗಳ ಹಿಂದೆ ಅಕ್ಕ ಆರು ವರ್ಷದ ಮಗಳನ್ನು ಶಾಲೆಗೆ ಕಳಿಸಿ, ಜೋಳದ ರೊಟ್ಟಿ ಬಡಿದಿಟ್ಟು, ಉದಗೀರಕ್ಕೆ ಹೋದಳು. ಅಲ್ಲಿ ಒಬ್ಬ ಮನುಷ್ಯನಿದ್ದ. ಅವನ ಮನೆಯವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ನಾವು ವಿಭೂತಿಯವರು, ಹೊಲಮನಿ ಉಳ್ಳವರು. ಆದರೆ ಅಪ್ಪನನ್ನು ಕುಗ್ಗಿಸಿದ್ದು ಅದಲ್ಲ. ಆ ಕೂಸು ಅಂದು ಸಂಜೆ ಕತ್ತಲಾಗುವ ತನಕ ಶಾಲೆಯ ಗೇಟಿನ ಹತ್ತಿರ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿತ್ತು ಎಂಬ ಸುದ್ದಿ. ಆಮೇಲೆ ಅಕ್ಕನ ಗಂಡನ ಮನೆಯವರು ಕೂಸನ್ನು ನಮ್ಮ ಕಡೆ ಕಳಿಸಲಿಲ್ಲ. ಅವ್ವ ಒಂದೇ ವಾರದಲ್ಲಿ ಮಗಳನ್ನೂ ಮೊಮ್ಮಗಳನ್ನೂ ಕಳೆದುಕೊಂಡಳು.

ಅಪ್ಪ ಇರುವತನಕ ಅಕ್ಕನ ಹೆಸರು ಮನೆಯಲ್ಲಿ ಬರಲಿಲ್ಲ. ಅಪ್ಪ ಹಳೆಯ ಸಿನಿಮಾಗಳ ಮನುಷ್ಯ. ಖಳನಾಯಕ ಗುಂಡು ತಗುಲಿ, ಬಿದ್ದಲ್ಲೇ ಎಲ್ಲರ ಕ್ಷಮೆ ಕೇಳಿ ಸಾಯುವ ದೃಶ್ಯ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. "ಸಾಯೋ ಮುಂದ ಯಾರರ ಶಾಣ್ಯಾ ಆಗ್ತಾರ" ಎನ್ನುತ್ತಿದ್ದ. ಅವನೇ ಸಾಯುವ ಮುಂದೆ ಅಕ್ಕನ ಬಗ್ಗೆ ಏನಾದರೂ ಅಂದನೇ? ಅಂದಂತೆ ನನಗೆ ನೆನಪಿಲ್ಲ. ನನಗೆ ನೆನಪಿಲ್ಲ ಎಂಬುದು ಅವನು ಅನ್ನಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ತರಗತಿಯಲ್ಲಿ ಇದನ್ನು ನಾನೇ ಹೇಳುತ್ತೇನೆ.

ಅವನು ಹೋದ ಮೇಲೆ ಪ್ರತಿ ಸೋಮವಾರ ಅಕ್ಕನ ಫೋನು ಬರತೊಡಗಿತು. ಅವ್ವನಿಗೆ ಫೋನಿನಲ್ಲಿ ಕೇಳುವುದಿಲ್ಲ. ಅಕ್ಕ ನನಗೆ ಹೇಳಬೇಕು, ನಾನು ಅವ್ವನಿಗೆ ಹೇಳಬೇಕು. ಅಕ್ಕ ಹತ್ತು ಮಾತು ಆಡಿದರೆ ನಾನು ಒಂದು ದಾಟಿಸುತ್ತಿದ್ದೆ: "ಆರಾಮ ಅದಾಳಂತ." ಅವ್ವ ತಲೆಯಾಡಿಸುವಳು, ಇನ್ನೂ ಏನಾದರೂ ಬರಬಹುದೇ ಎಂದು ನನ್ನ ತುಟಿ ನೋಡುವಳು. ನಾನು ತುಟಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ಶ್ರಾವಣ ಸೋಮವಾರ, ಆರು ವರ್ಷದ ಹಿಂದೆ, ಅಕ್ಕ ಕೇಳಿದಳು: "ತಂಗಿ, ಅವ್ವಗ ಒಂದ್ ಮಾತು ಕೇಳ್ತೀ? ನಾ ಒಂದಿನ ಬಂದು ಹೋಗ್ಲೇನು ಅಂತ. ಇರಂಗಿಲ್ಲ, ಉಣ್ಣಂಗಿಲ್ಲ. ಬರೇ ಮಾರಿ ನೋಡಿ ಹೋಗ್ತೀನಿ."

"ಕೇಳ್ತೀನಿ ತಡಿ" ಎಂದೆ.

ಅವ್ವ ಚಹಾ ಕುಡಿದು ಮುಗಿಸಿದ್ದಳು. ನಾನು ಫೋನನ್ನು ಅವಳ ಕಡೆಗೆ ಚಾಚಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಟಲ್ ಎತ್ತಿ, ಹುಬ್ಬು ಹಾರಿಸಿದೆ. ಕಿವಿ ಇಲ್ಲದವರ ದೊಡ್ಡ ದನಿಯಲ್ಲಿ ಅವ್ವ ಅಂದಳು: "ಬ್ಯಾಡ, ಬ್ಯಾಡ! ಸಾಕಾಗ್ಯಾದ!"

ಫೋನು ಕಿವಿಗಿಟ್ಟೆ. ಆ ಕಡೆ ಒಂದು ಕುರಿ ಒದರುತ್ತಿತ್ತು.

"ಕೇಳಿಸ್ತು" ಎಂದಳು ಅಕ್ಕ. "ಇಡ್ತೀನಿ."

ಮುಂದಿನ ಸೋಮವಾರವೂ ಫೋನು ಬಂತು. ಅವ್ವ ಆರಾಮ ಇದ್ದಾಳೇನು ಎಂದಷ್ಟೇ ಕೇಳಿದಳು. ಬರುವ ಮಾತು ಮತ್ತೆಂದೂ ಎತ್ತಲಿಲ್ಲ. ನಾನು ಅದನ್ನು ಯೋಚಿಸಿ ಮಾಡಿದೆನೇ, ಕೈ ತಾನೇ ಮಾಡಿತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ದಿನದ ದಿನಚರಿಯಲ್ಲಿ ಇರುವುದು ಎರಡು ಸಾಲು. "ಅಕ್ಕನ ಫೋನು. ಮಳೆ ಇಲ್ಲ." ದಿನಚರಿಗೂ ನಾನು ದಾಟಿಸಲಿಲ್ಲ.

ಕಾರಣ ಮಾತ್ರ ನನಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿದ್ದೆ. ಮುರುಮದಿಂದ ನನಗೊಂದು ಸಂಬಂಧ ಬಂದಿತ್ತು. ಅಕ್ಕ ಮನೆ ಬಿಟ್ಟ ಸುದ್ದಿ ಕೇಳಿ ಅವರು ಹಿಂದೆ ಸರಿದರು, ಆಮೇಲೆ ಯಾರೂ ಬರಲಿಲ್ಲ. ಅವಳು ತನ್ನ ಸುಖಕ್ಕೆ ಹೋದಳು, ನಾನು ಈ ಕುರ್ಚಿಯಲ್ಲಿ ಓರೆಯಾಗಿ ಕುಳಿತೆ. ಲೆಕ್ಕ ಸರಳವಾಗಿತ್ತು.

ಹೋದ ವರ್ಷ ಆ ದೊಡ್ಡ ಸೊಸೆ ಬದಲಾಗತೊಡಗಿದಳು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದೇ ಚರ್ಚೆ. ಒಬ್ಬರು, "ಇಷ್ಟು ಮಾಡಿದಾಕೆಗೆ ಮಾಫಿ ಕೊಟ್ಟರೆ ಮನೆ ಮನೆ ಕೆಡ್ತಾವೆ" ಎಂದರು. ಗಣಿತದ ಮೇಡಂ ಡಬ್ಬಿ ಮುಚ್ಚುತ್ತಾ, "ಹೊಸ ಕೆಟ್ಟವಳು ಬರೋ ತಿಂಗಳು ಬರ್ತಾಳ್ರೀ, ಹಳೆಯಾಕಿ ಖುರ್ಚಿ ಬಿಡಬೇಕಲ್ಲ" ಎಂದರು. ನಾನೂ ನಕ್ಕೆ. ಕ್ಯಾಮೆರಾ ಯಾರ ಮುಖಕ್ಕೆ ಹತ್ತಿರ ಹೋಗಿ ಹೆಚ್ಚು ಹೊತ್ತು ನಿಲ್ಲುತ್ತದೋ ಅವರನ್ನು ಕ್ಷಮಿಸುವ ತಯಾರಿ ನಡೆದಿದೆ ಎಂದು ತಿಳಿಯಬೇಕು ಎಂದು ದೊಡ್ಡದಾಗಿ ಹೇಳಿದೆ. ಆ ಸಂಜೆಯೇ ಅದು ಬಂತು. ದೊಡ್ಡ ಸೊಸೆ ಮಳೆಯಲ್ಲಿ ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಒಂದನ್ನೂ ಬಿಡಲಿಲ್ಲ. ಮುಖ ಪರದೆ ತುಂಬ.

"ಏನಂತಾಳ?" ಎಂದಳು ಅವ್ವ.

ಗದ್ದದ ಕೆಳಗಿನಿಂದ ಎರಡು ಬೆರಳು ಚಾಚಿದೆ.

ಅವ್ವ ಪರದೆ ನೋಡಿದಳು, ನನ್ನನ್ನು ನೋಡಿದಳು. "ಮಾರಿ ನೋಡಿದ್ರ ಹಂಗ ಅನಸವಲ್ದು."

ಎಡಗಿವಿಗೆ ಬಾಯಿಟ್ಟು ಕೂಗಿದೆ: "ನಾಟಕ ಅವ್ವಾ! ಒಳಗ ಬರಲಾಕ ನಾಟಕ!"

ಅವಳು ಮತ್ತೆ ಪರದೆಯ ಕಡೆಗೇ ತಿರುಗಿದಳು.

ಮರುದಿನ ರವಿವಾರ. ಬಾಜೂಮನೆಯ ವೈನಿ ಮೆಂತ್ಯದ ಸೊಪ್ಪು ಸೋಸಲು ನಮ್ಮ ಕಟ್ಟೆಗೆ ಬಂದಳು. ಸೀರಿಯಲ್ಲಿನ ಮಾತು ತೆಗೆದು, ಅವ್ವನಿಗೆ ತಿಳಿಯಲೆಂದು ತಾನೇ ದೊಡ್ಡ ಸೊಸೆಯಾಗಿ ಎದ್ದು ನಿಂತು, ಕೈ ಮುಗಿದು, ಕೆನ್ನೆ ಬಡಿದುಕೊಂಡು, ಸೆರಗು ಹಿಡಿದು ಅತ್ತು ತೋರಿಸಿದಳು. ಅವ್ವ ನನ್ನ ಕಡೆ ತಿರುಗದೆ ಅವಳಿಗೆ ಎರಡು ಬೆರಳು ಚಾಚಿ, ಸುಳ್ಳೇನು ಎಂಬಂತೆ ಹುಬ್ಬು ಹಾರಿಸಿದಳು.

"ಅಗ ಬಾಯಿ! ಯಾರ್ ಹೇಳ್ದೋರು ಸುಳ್ಳಂತ?" ಎಂದು ವೈನಿ ಎದೆಯ ಮೇಲೆ ಅಂಗೈ ಒತ್ತಿದಳು. "ಖರೇ ಖರೇ ಅತ್ತಾಳ. ನಾ ಸುದ್ದಾ ಅತ್ತೀನಿ. ನಮ್ಮನಿಯವರು ರೊಟ್ಟಿ ಕರಕಾದ್ವು ಅಂತ ಒದರ್ಲತಿದ್ರು, ನಾ ಅಳ್ಲತೀನಿ." ಆಮೇಲೆ ನನಗೆ: "ನಮ್ಮ ಪ್ರೊಫೆಸರ್ ಬಾಯಿಯವರಿಗೆ ಮರಾಠಿ ತಿಳೀಲಿಲ್ಲೇನು?"

ವೈನಿ ಹೋಗುವತನಕ ಅವ್ವ ಸೊಪ್ಪು ಸೋಸಿದಳು. ಆಮೇಲೆ ಕೈ ಒರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು. ಕಿವಿ ಹೋದ ಮೇಲೆ ಅವಳ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

"ಇಷ್ಟು ವರ್ಷ ನನಗ ಏನೇನು ಹೇಳಿದಿ ನೀ?"

ಸೀರಿಯಲ್ಲಿನ ಬಗ್ಗೆ ಕೇಳಿದಳೇ? ಕೂಡಲೇ ಅಂದಳು: "ಫೋನ್ ಹಚ್ಚು. ದೊಡ್ಡಾಕಿಗಿ."

ಹಚ್ಚಿಕೊಟ್ಟೆ. ಫೋನನ್ನು ಬಾಯಿಯ ಎದುರು ಹಿಡಿದು, ಆ ಕಡೆ ಎತ್ತಿದರೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ನಾ ಅವ್ವ. ನೀ ಏನೂ ಅನಬ್ಯಾಡ, ನನಗ ಕೇಳಸಂಗಿಲ್ಲ. ಬುಧವಾರ ನಿನ್ನ ಮನಿಗಿ ಬರ್ತೀನಿ. ಅಷ್ಟೇ." ಫೋನು ನನ್ನ ಕೈಗೆ ಕೊಟ್ಟಳು.

ಆ ಕಡೆಯಿಂದ ಅಕ್ಕ ಕೇಳುತ್ತಿದ್ದಳು: "ತಂಗಿ, ಅವ್ವ ಅವತ್ತ್ ಬ್ಯಾಡ ಅಂದಿದ್ದಳಲ್ಲ? ಈಗೇನಾತು?"

"ವಯಸ್ಸಾಗ್ಯಾದ" ಎಂದೆ. ಅದೂ ಒಂದು ಸುಳ್ಳೇ.

ಅಂದೇ ಮಧ್ಯಾಹ್ನ ಟ್ರಂಕಿನಿಂದ ಹಳೆಯ ದಿನಚರಿಗಳನ್ನು ತೆಗೆದೆ. ನನ್ನ ಕಡೆಯ ಸಾಕ್ಷಿ ಹುಡುಕಲು ತೆಗೆದೆ ಎಂದು ಒಪ್ಪಿಕೊಳ್ಳುತ್ತೇನೆ. ಅವ್ವ ಕೇಳಿದರೆ ತೋರಿಸಬೇಕು: ಇವಳು ನನಗೆ ಇಂಥದು ಮಾಡಿದ್ದಳು ಎಂದು. ಮುರುಮದವರ ಪುಟ ಸಿಕ್ಕಿತು. ನನ್ನದೇ ಅಕ್ಷರ. "ಮುರುಮದವರು ಒಲ್ಲೆಂದರಂತೆ. ಹುಡುಗಿ ಓದಿದ್ದು ಹೆಚ್ಚಾಯಿತಂತೆ. ಅಕ್ಕ ಬಂದಿದ್ದಳು. ನನ್ನ ತಲೆ ಬಾಚಿ ಜಡೆ ಹಾಕಿದಳು. ಆ ಹುಡುಗನ ಕಿವಿ ಬುಟ್ಟಿಯ ಹಿಡಿಕೆಯಂತಿವೆ, ನಿನಗೆ ಎತ್ತಿಕೊಂಡು ಸಂತೆಗೆ ಹೋಗಲು ಬರುತ್ತಿತ್ತು ಎಂದಳು. ಬಹಳ ನಕ್ಕೆವು."

ಪುಟ ತಿರುವುತ್ತಾ ಹೋದೆ. ಅಕ್ಕ ಮನೆ ಬಿಟ್ಟದ್ದು ಅದಾದ ಮೂರು ತಿಂಗಳಿಗೆ.

ನಾನು ಹದಿನಾಲ್ಕು ವರ್ಷ ಅವಳಿಗೆ ವಿಧಿಸಿದ ಶಿಕ್ಷೆ ಅವಳು ಮಾಡದ ತಪ್ಪಿಗೆ. ಮಾಡಿದ ತಪ್ಪು ಬೇರೆ ಇತ್ತು, ನಿಜ. ಆ ಕೂಸು ಗೇಟಿನಲ್ಲಿ ಕುಳಿತದ್ದು ಕುಳಿತದ್ದೇ. ಆದರೆ ಅದರ ನ್ಯಾಯ ಹೇಳಬೇಕಾದವಳು ಆ ಕೂಸು. ನಾನು ಅದರ ಕಣ್ಣೀರನ್ನು ಎರವಲು ತಂದು ನನ್ನದಕ್ಕೆ ಬಳಸಿಕೊಂಡಿದ್ದೆ.

ಬುಧವಾರ ಅವ್ವ ಹಣೆಗೆ ವಿಭೂತಿ ಗಟ್ಟಿಯಾಗಿ ಬಳಿದುಕೊಂಡು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ನಿಲಂಗಾದಲ್ಲಿ ಇಳಿದು ಉದಗೀರದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಸೋಯಾಬೀನು ಹಳದಿಯಾಗಿ ನಿಂತಿತ್ತು. ಅವ್ವ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು: "ನನಗ ಮಾರಿ ಕಾಣ್ತಾವ, ಮಾತು ಕೇಳಸಂಗಿಲ್ಲ. ನೀ ಹದಿನಾಲ್ಕು ವರ್ಷ ಆಕಿ ಮಾರಿ ನೋಡಿಲ್ಲ, ಬರೀ ಮಾತು ಕೇಳಿದಿ. ಇಬ್ಬರೂ ಅರ್ಧರ್ಧ ಕುರುಡ್ರೇ." ನಾನು ಏನೋ ಹೇಳಲು ಅವಳ ಭುಜ ಮುಟ್ಟಿದೆ. ಅವಳು ತಿರುಗಲಿಲ್ಲ. ತಿರುಗದಿದ್ದರೆ ಅವಳಿಗೆ ಏನೂ ಹೇಳಲಾಗುವುದಿಲ್ಲ.

ಅಕ್ಕನ ಮನೆ ಊರಂಚಿನಲ್ಲಿ, ಎರಡು ಖೋಲಿ, ಪಕ್ಕದಲ್ಲಿ ಕುರಿಯ ದಡ್ಡಿ. ಬಾಗಿಲಲ್ಲಿ ನಿಂತವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಫೋನಿನ ದನಿಗೆ ನಾನು ಇಷ್ಟು ವರ್ಷ ಹಳೆಯ ಮುಖವನ್ನೇ ಅಂಟಿಸಿದ್ದೆ. ಅವ್ವ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. ಇಬ್ಬರೂ ಅಳಲಿಲ್ಲ.

ಅಕ್ಕನ ಮನೆಯವನು ಮಾತು ಕಡಿಮೆಯ ಮನುಷ್ಯ. ಒಳಗಿನಿಂದ ಭಂಡಾರದ ಚೀಲ ತಂದ. ಬೀರಪ್ಪನ ಹೆಸರಿನ ಅರಿಶಿನ ಪುಡಿ. ಅವರ ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಅದು. ಅವ್ವ ಹಣೆ ಮುಂದೆ ಮಾಡಿದಳು. ವಿಭೂತಿಯ ಬಿಳಿ ಪಟ್ಟೆಯ ಮೇಲೆ ಹಳದಿ ಕುಳಿತಿತು. ಆಮೇಲೆ ಚಿಟಿಕೆ ಹಿಡಿದ ಅವನ ಕೈ ನನ್ನ ಎದುರು ಬಂದು ಅಲ್ಲೇ ನಿಂತಿತು.

"ಇದು ಹಚ್ಕೊಂಡ ಮ್ಯಾಲೆ ನಮ್ಮಲ್ಲಿ ಸುಳ್ಳ ಆಡಂಗಿಲ್ಲರೀ" ಎಂದ. "ಬ್ಯಾಡಂದ್ರೂ ನಡೀತದ. ಯಾರೂ ಏನೂ ಅನಕೊಳ್ಳಂಗಿಲ್ಲ." ಹೊಸಬರಿಗೆ ರೀತಿ ತಿಳಿಸುವಂತೆ ಹೇಳಿದ. ಅವನಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ.

ಹಚ್ಚಿಸಿಕೊಂಡೆ.

ಗೋಡೆಯ ಮೇಲೆ ಒಂದು ಹುಡುಗಿಯ ಫೋಟೊ ಇತ್ತು. ಮೂಗು ಅಕ್ಕನದು. "ತಾನೇ ಕಳಸ್ತಾಳ" ಎಂದಳು ಅಕ್ಕ. "ವರ್ಷಕ್ಕೊಂದು. ಮಾತಾಡಂಗಿಲ್ಲ, ಫೋನ್ ಎತ್ತಂಗಿಲ್ಲ. ಫೋಟೊ ಅಷ್ಟೇ. ನಾ ಕೇಳಲಾಕ ಹೋಗಂಗಿಲ್ಲ, ಅದು ಆಕಿ ಖುಷಿ." ಆಮೇಲೆ ನನ್ನ ಹಣೆ ನೋಡುತ್ತಾ, ರೊಟ್ಟಿಗೆ ಹಿಟ್ಟು ನಾದುತ್ತಾ ಕೇಳಿದಳು: "ಅವತ್ತ್ ಅವ್ವ ಯಾಕ ಬ್ಯಾಡ ಅಂದಳು?"

ಸೀರಿಯಲ್ಲಿನಲ್ಲಾದರೆ ಇಲ್ಲಿ ಮಳೆ ಬರುತ್ತಿತ್ತು. ಹೊರಗೆ ರಣಬಿಸಿಲು.

"ನಾ ಆಕಿಗಿ ಚಾ ಕೇಳಿದ್ದೆ" ಎಂದೆ. "ನಿನ್ನ ಮಾತು ಕೇಳೇ ಇಲ್ಲ. ಇನ್ನಷ್ಟು ಚಾ ಬೇಕೇನು ಅಂತ ಕೇಳಿದ್ದೆ."

ಅಕ್ಕನ ಕೈ ಹಿಟ್ಟಿನಲ್ಲಿ ನಿಂತಿತು. "ಚಾ?" ಎಂದಳು. ಮತ್ತೆ, "ಚಾ."

"ಏನಂದಳು?" ಎಂದು ಅವ್ವ ಕೇಳಿದಳು. ಅಭ್ಯಾಸದಂತೆ ನನ್ನ ಕಡೆ ನೋಡಿದಳು, ಆಮೇಲೆ ದೃಷ್ಟಿಯನ್ನು ಅಕ್ಕನ ಕಡೆ ತಿರುಗಿಸಿದಳು. ಅಕ್ಕ ಎದ್ದು ಅವಳೆದುರು ಕುಳಿತು, ಹಿಟ್ಟು ಹತ್ತಿದ ಕೈಗಳಲ್ಲಿ ಹೇಳಿದಳು. ಬೆನ್ನು ನನ್ನ ಕಡೆಗಿತ್ತು. ಮೊಣಕೈ ಆಡುವುದಷ್ಟೇ ಕಾಣುತ್ತಿತ್ತು. ಏನು ಹೇಳಿದಳೋ, ಎಷ್ಟು ಹೇಳಿದಳೋ, ಏನನ್ನು ಬಿಟ್ಟಳೋ ನನಗೆ ಇಂದಿಗೂ ತಿಳಿಯದು. ಅವ್ವ ಕೈಗಳನ್ನು ಕೊನೆಯತನಕ ನೋಡಿ, ನನಗೆ ಅಂದಳು: "ಉಂಡು ಹೋಗು. ಐದಕ್ಕ ಬಸ್ ಅದ. ನಾ ಇಲ್ಲಿ ಇರ್ತೀನಿ."

ಉಂಡೆ. ಅಕ್ಕ ಬಿಸಿ ರೊಟ್ಟಿ ಒಂದಾದ ಮೇಲೊಂದು ಹಾಕುತ್ತಾ ಹೋದಳು. ಅದು ಮಾಫಿಯೋ, ಮನೆಗೆ ಬಂದವರಿಗೆ ಬಡಿಸುವ ರೂಢಿಯೋ, ತಟ್ಟೆ ನೋಡಿ ಹೇಳುವಂತಿರಲಿಲ್ಲ.

ಸ್ಟ್ಯಾಂಡಿಗೆ ಅವಳೊಬ್ಬಳೇ ಬಂದಳು. ನಾನು ಕಿಟಕಿಯ ಸೀಟು ಹಿಡಿದೆ. ಅವಳು ಕೆಳಗೆ ನಿಂತಿದ್ದಳು, ಕಣ್ಣು ಬಸ್ಸಿನ ಗಾಲಿಯ ಮೇಲೆ. ಕಂಡಕ್ಟರ್ ಗಂಟೆ ಹೊಡೆದ ಮೇಲೆ ತಲೆ ಎತ್ತಿದಳು.

"ಬಾ ಅನ್ನಂಗಿಲ್ಲ ನಾ. ಬಂದ್ರ ಬಾಗಿಲ ಹಾಕಂಗಿಲ್ಲ."

ಬಸ್ಸು ಹೊರಟಿತು. ನಾನು ಅವಳ ಮುಖವನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳಲು ಎಷ್ಟು ಗಮನ ಕೊಟ್ಟಿದ್ದೆನೆಂದರೆ, ಮಾಡಿದ್ದನ್ನು ಹೇಳಿದೆನೇ ಹೊರತು ತಪ್ಪಾಯಿತು ಎಂಬ ಮಾತನ್ನು ಆಡಿಯೇ ಇಲ್ಲ ಎಂಬುದು ಹೊಳೆದದ್ದು ನಿಲಂಗಾದಲ್ಲಿ ಇಳಿದ ಮೇಲೆ. ಉದಗೀರಕ್ಕೆ ಹಿಂದಿರುಗುವ ಬಸ್ಸು ಅಲ್ಲೇ ನಿಂತಿತ್ತು, ಅರ್ಧ ಖಾಲಿ. ಉಮರಗಾದ ಬಸ್ಸೂ ಬಂತು. ಎರಡರ ನಡುವೆ ಸ್ವಲ್ಪ ಹೊತ್ತು ನಿಂತೆ. ನಾಳೆ ಬೆಳಿಗ್ಗೆ ಪಾಠವಿದೆ ಎಂದು ನನಗೆ ನಾನೇ ಹೇಳಿಕೊಂಡು, ಉಮರಗಾದ ಬಸ್ಸು ಹತ್ತಿದೆ.